ಅರ್ಧ ಟನ್ ಪಿಕಪ್ಪಿನ ಕಥೆ

1947ರಲ್ಲಿ ತೆಗೆದ ಒಂದು ಕಪ್ಪು ಬಿಳುಪು ಫೋಟೋ ಇದೆ. ಆಲ್ಫ್ರೆಡ್ ಲೆಟೂರ್ನರ್ ಎಂಬ ಫ್ರೆಂಚ್ ಸೈಕಲ್ ಪಟು ತನ್ನ ಸೈಕಲ್ಲಿನ ಹಿಂದೆ ಏರ್‌ಸ್ಟ್ರೀಮ್ ಕಂಪನಿಯ ಟ್ರೇಲರೊಂದನ್ನು ಕಟ್ಟಿಕೊಂಡು ಎಳೆಯುತ್ತಿದ್ದಾನೆ. ಟ್ರೇಲರ್ ಅಂದರೆ ನಮ್ಮ ಟ್ರಾಕ್ಟರಿನ ಹಿಂದಿನ ತೆರೆದ ಡಬ್ಬಿಯಲ್ಲ. ಮಲಗುವುದಕ್ಕೆ, ಅಡುಗೆ ಮಾಡುವುದಕ್ಕೆ ಜಾಗವಿರುವ, ಅಲ್ಯೂಮಿನಿಯಂ ಹೊದಿಸಿದ ಚಕ್ರದ ಮನೆ. ಈ ಲೆಟೂರ್ನರ್ ಸಾಮಾನ್ಯನಲ್ಲ. 1941ರಲ್ಲಿ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಹತ್ತಿರ, ರೇಸ್ ಕಾರಿನ ಬೆನ್ನಿಗೆ ಅಂಟಿದಂತೆ ಗಾಳಿಯ ಮರೆಯಲ್ಲಿ ಸೈಕಲ್ ತುಳಿದು, ಗಂಟೆಗೆ ಸುಮಾರು 175 ಕಿಲೋಮೀಟರ್ ವೇಗ ಮುಟ್ಟಿದ್ದವನು. ಆದರೂ ಮನೆ ಎಳೆಯುವ ಆ ಚಿತ್ರವೇ ಹೆಚ್ಚು ಪ್ರಸಿದ್ಧವಾಯಿತು. ನಮ್ಮ ಟ್ರೇಲರ್ ಎಷ್ಟು ಹಗುರ ನೋಡಿ ಎಂದು ಕಂಪನಿ ಅದನ್ನು ತನ್ನ ಗುರುತನ್ನಾಗಿಯೇ ಮಾಡಿಕೊಂಡಿತು.

ಚಿತ್ರದಲ್ಲಿ ಮೋಸವೇನೂ ಇಲ್ಲ. ಸಮತಟ್ಟಾದ ಗಟ್ಟಿ ರಸ್ತೆಯಲ್ಲಿ ಗಾಳಿ ತುಂಬಿದ ಚಕ್ರಗಳ ಮೇಲಿರುವ ಒಂದು ಟನ್ ಭಾರವನ್ನು ನಿಧಾನಕ್ಕೆ ಉರುಳಿಸಲು ಹತ್ತು ಹದಿನೈದು ಕಿಲೋ ತೂಕದಷ್ಟು ಬಲ ಸಾಕು. ಗಟ್ಟಿ ಕಾಲಿನವನು ಎಳೆದಾನು. ಆದರೆ ಅದೇ ರಸ್ತೆ ಸ್ವಲ್ಪ ಇಳಿಜಾರಾಗಿದ್ದರೆ? ಹಿಂದಿನಿಂದ ಮನೆಯೇ ತಳ್ಳಿಕೊಂಡು ಬಂದರೆ ಆ ಸೈಕಲ್ಲಿನ ಬ್ರೇಕು ಏನು ಮಾಡುತ್ತಿತ್ತು? ಎಳೆಯುವುದರ ಬಗ್ಗೆ ಮಾತಾಡುವವರೆಲ್ಲ ಮರೆಯುವ ಪ್ರಶ್ನೆ ಇದು. ಅಮೆರಿಕದಲ್ಲಿ ದೋಣಿಯನ್ನೋ ಕುದುರೆಯನ್ನೋ ರಜೆಯ ಮನೆಯನ್ನೋ ಎಳೆದುಕೊಂಡು ಹೋಗಬೇಕೆಂದಿರುವ ಮನೆಗಳಲ್ಲಿ ಇಂದಿಗೂ ನಡೆಯುವ ಒಂದು ಚರ್ಚೆಯ ಒಳಗೆ ಅದು ಅಡಗಿ ಕೂತಿದೆ: ಮಧ್ಯಮ ಗಾತ್ರದ ಪಿಕಪ್ ಸಾಕೋ, ಪೂರ್ಣ ಗಾತ್ರದ್ದೇ ಬೇಕೋ? ಕೇಳುವುದಕ್ಕೆ ಇಂಜಿನಿಯರಿಂಗ್ ಪ್ರಶ್ನೆ. ಆದರೆ ಈ ಎರಡು ಗಾತ್ರಗಳು ಹುಟ್ಟಿದ ರೀತಿ ನೋಡಿದರೆ ಇಂಜಿನಿಯರಿಗಿಂತ ಹೆಚ್ಚಾಗಿ ಕೋಳಿ, ಹೊಗೆ ಮತ್ತು ಸುಂಕ ಕಾಣುತ್ತವೆ.

ಮೊದಲು ಬಂದದ್ದು ಟ್ರೇಲರ್, ಪಿಕಪ್ ಆಮೇಲೆ. 1914ರಲ್ಲಿ ಡೆಟ್ರಾಯಿಟಿನ ಮರದ ವ್ಯಾಪಾರಿ ಫ್ರೆಡರಿಕ್ ಸಿಬ್ಲಿ ತನ್ನ ದೋಣಿಯನ್ನು ಬೇಸಿಗೆ ಬಿಡಾರಕ್ಕೆ ಸಾಗಿಸಬೇಕಾಗಿತ್ತು. ಆಗಸ್ಟ್ ಫ್ರೂಹಾಫ್ ಎಂಬ ಕಮ್ಮಾರನ ಹತ್ತಿರ ಹೋದ. ಕುದುರೆಗೆ ಲಾಳ ಕಟ್ಟುತ್ತ, ಗಾಡಿ ಮಾಡುತ್ತ ಇದ್ದ ಫ್ರೂಹಾಫ್, ಫೋರ್ಡ್ ಮಾಡೆಲ್ ಟಿ ಕಾರಿನ ಹಿಂಭಾಗ ಬಿಚ್ಚಿ, ಅದರ ಮೇಲೆ ಮೂತಿ ಊರುವ ಹಾಗೆ ಎರಡು ಚಕ್ರದ ಗಾಡಿಯೊಂದನ್ನು ಮಾಡಿಕೊಟ್ಟ. ಅರ್ಧ ಭಾರ ತನ್ನ ಚಕ್ರದ ಮೇಲೆ, ಉಳಿದದ್ದು ಮುಂದಿನ ವಾಹನದ ಮೇಲೆ. ಅದಕ್ಕೇ ‘ಸೆಮಿ ಟ್ರೇಲರ್’ ಎಂಬ ಹೆಸರು. ಸಿಬ್ಲಿಗೆ ಅದು ಎಷ್ಟು ಹಿಡಿಸಿತೆಂದರೆ ತನ್ನ ಮರದ ದಿಮ್ಮಿ ಸಾಗಿಸಲು ಇನ್ನಷ್ಟು ಮಾಡಿಸಿಕೊಂಡ. ಇಂದು ಹೆದ್ದಾರಿಯಲ್ಲಿ ಓಡುವ ಹದಿನೆಂಟು ಚಕ್ರದ ದೈತ್ಯಗಳ ವಂಶ ಆ ದೋಣಿಯ ಗಾಡಿಗೆ ಹೋಗಿ ಮುಟ್ಟುತ್ತದೆ. ಎಳೆಯುತ್ತಿದ್ದದ್ದು ಇಪ್ಪತ್ತು ಅಶ್ವಶಕ್ತಿಯ ಕಾರು.

ರೈತರೂ ಸುಮ್ಮನೆ ಕೂತಿರಲಿಲ್ಲ. ಕಾರಿನ ಹಿಂದಿನ ಅರ್ಧ ಕತ್ತರಿಸಿ ಹಲಗೆಯ ಪೆಟ್ಟಿಗೆ ಕೂರಿಸುವುದು ಹಳ್ಳಿಹಳ್ಳಿಯ ಕೆಲಸವಾಗಿತ್ತು. ಇದನ್ನು ನೋಡಿಯೇ ಫೋರ್ಡ್ ಕಂಪನಿ 1925ರಲ್ಲಿ ಕಾರ್ಖಾನೆಯಲ್ಲೇ ಪೆಟ್ಟಿಗೆ ಕೂರಿಸಿದ ಮಾಡೆಲ್ ಟಿ ಮಾರತೊಡಗಿತು, ಬೆಲೆ 281 ಡಾಲರ್. ಮೊದಲ ವರ್ಷದಲ್ಲೇ ಸುಮಾರು 34,000 ಗಾಡಿಗಳು ಹೋದವು. ಕತ್ತರಿಸುವ ಪದ್ಧತಿ ಅಲ್ಲಿಗೆ ನಿಲ್ಲಲಿಲ್ಲ. ಸ್ಟೈನ್‌ಬೆಕ್ಕನ ‘ದ ಗ್ರೇಪ್ಸ್ ಆಫ್ ರಾತ್’ ಓದಿದವರಿಗೆ ನೆನಪಿರುತ್ತದೆ, ಜೋಡ್ ಕುಟುಂಬ ಒಕ್ಲಹೋಮಾದಿಂದ ಕ್ಯಾಲಿಫೋರ್ನಿಯಾಕ್ಕೆ ಹೊರಟದ್ದು ಹಡ್ಸನ್ ಸೂಪರ್ ಸಿಕ್ಸ್ ಕಾರನ್ನು ಕತ್ತರಿಸಿ ಮಾಡಿದ ಲಾರಿಯಲ್ಲಿ. ಆ ಕಾದಂಬರಿಯಲ್ಲಿ ಹೇರಿದ ಭಾರದ ಆತಂಕ ಮನುಷ್ಯರ ಆತಂಕದಷ್ಟೇ ನಿಜ. ಅದೇ ಸ್ಟೈನ್‌ಬೆಕ್ 1960ರಲ್ಲಿ, ಹೆಸರೂ ಹಣವೂ ಬಂದ ಮೇಲೆ, ಚಾರ್ಲಿ ಎಂಬ ನಾಯಿಯ ಜೊತೆ ದೇಶ ಸುತ್ತಲು ಹೊರಟಾಗ ಕೊಂಡದ್ದು ಮುಕ್ಕಾಲು ಟನ್ನಿನ ಜಿಎಂಸಿ ಪಿಕಪ್. ಅದಕ್ಕೆ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರಿಟ್ಟು, ಮನೆಯನ್ನು ಎಳೆಯದೆ ಬೆನ್ನ ಮೇಲೆ ಹೊರಿಸಿದ. ಭಾರದ ವಿಷಯದಲ್ಲಿ ಆತ ಎಚ್ಚರದ ಮನುಷ್ಯ.

ಮುಕ್ಕಾಲು ಟನ್, ಅರ್ಧ ಟನ್ ಎಂಬ ಈ ಹೆಸರುಗಳು ಒಂದು ಕಾಲಕ್ಕೆ ನಿಜವಾದ ಅಳತೆ. ಅರ್ಧ ಟನ್ ಪಿಕಪ್ ಎಂದರೆ ಸಾವಿರ ಪೌಂಡ್, ಅಂದರೆ ಸುಮಾರು 450 ಕಿಲೋ, ಹೊರುವ ಗಾಡಿ. ಇಂದು ಅದರ ಎರಡು ಪಟ್ಟು ಹೊರುವುದನ್ನೂ ಅರ್ಧ ಟನ್ ಎಂದೇ ಕರೆಯುತ್ತಾರೆ. ನಮ್ಮ ಪಲ್ಲ, ಸೇರುಗಳ ಹಾಗೆ ಅಳತೆ ಹೋಗಿ ಹೆಸರು ಉಳಿದಿದೆ.

ಆ ಕಾಲದಲ್ಲಿ ಟ್ರೇಲರ್ ಎಳೆಯಲು ಪಿಕಪ್ ಬೇಕೆಂದು ಯಾರೂ ಅಂದುಕೊಂಡಿರಲಿಲ್ಲ. 1945ರಲ್ಲಿ ಲಿಯೊನಾರ್ಡ್ ಶೋಯನ್ ಮತ್ತು ಆತನ ಹೆಂಡತಿ ಅನ್ನಾ ಮೇರಿ ವಾಷಿಂಗ್ಟನ್ ರಾಜ್ಯದ ರಿಜ್‌ಫೀಲ್ಡಿನಲ್ಲಿ 5,000 ಡಾಲರ್ ಬಂಡವಾಳದಿಂದ ಯೂ-ಹಾಲ್ ಶುರುಮಾಡಿದರು. ಮನೆ ಬದಲಿಸುವವರು ಒಂದು ಊರಲ್ಲಿ ಟ್ರೇಲರ್ ಬಾಡಿಗೆಗೆ ಪಡೆದು, ಇನ್ನೊಂದು ಊರಲ್ಲಿ ಬಿಟ್ಟುಹೋಗಬಹುದು. ಎಳೆಯುತ್ತಿದ್ದದ್ದು ಮನೆಯ ಕಾರು. ಅಂದಿನ ಅಮೆರಿಕನ್ ಕಾರಿಗೆ ಲಾರಿಯ ಹಾಗೆ ಉಕ್ಕಿನ ಚೌಕಟ್ಟಿತ್ತು, ಉದ್ದವಿತ್ತು, ಎರಡು ಟನ್ ತೂಕವಿತ್ತು, ಮುಂದೆ ವಿ8 ಇಂಜಿನ್ ಇತ್ತು. 1973ರ ತೈಲ ಬಿಕ್ಕಟ್ಟು ಬಂದು ಇದೆಲ್ಲ ಕರಗಿತು. 1977ರಲ್ಲಿ ಜನರಲ್ ಮೋಟರ್ಸ್ ತನ್ನ ದೊಡ್ಡ ಕಾರುಗಳನ್ನು ಸುಮಾರು 300 ಕಿಲೋ ಇಳಿಸಿತು. ಆಮೇಲೆ ಚೌಕಟ್ಟೂ ಹೋಯಿತು. ಕಾರು ಎಳೆಯುವ ಕೆಲಸ ಬಿಟ್ಟಾಗ ಅದನ್ನು ವಹಿಸಿಕೊಂಡದ್ದು ಪಿಕಪ್.

ಇನ್ನು ಕೋಳಿಯ ಕಥೆ. ಅರವತ್ತರ ದಶಕದ ಆರಂಭದಲ್ಲಿ ಅಮೆರಿಕದ ಅಗ್ಗದ ಕೋಳಿ ಮಾಂಸ ಪಶ್ಚಿಮ ಜರ್ಮನಿಯ ಮಾರುಕಟ್ಟೆ ತುಂಬಿತು. ಯುರೋಪಿನ ದೇಶಗಳು ತಮ್ಮ ರೈತರನ್ನು ಉಳಿಸಲು ಸುಂಕ ಹಾಕಿದವು. ಮಾತುಕತೆ ಮುರಿದು, 1963ರ ಡಿಸೆಂಬರಿನಲ್ಲಿ ಅಧ್ಯಕ್ಷ ಜಾನ್ಸನ್ ಪ್ರತೀಕಾರವಾಗಿ ನಾಲ್ಕು ವಸ್ತುಗಳ ಮೇಲೆ 25 ಶೇಕಡ ಸುಂಕ ಹೇರಿದರು: ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂಡಿ, ಮತ್ತು ಸಣ್ಣ ಟ್ರಕ್ಕು. ಗುರಿ ಇಟ್ಟದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ಮೇಲೆ. ಉಳಿದ ಮೂರು ಸುಂಕಗಳು ಕಾಲಕ್ರಮೇಣ ಹೋದವು, ಟ್ರಕ್ಕಿನ ಸುಂಕ ಉಳಿಯಿತು. ಇವತ್ತಿಗೂ ಅದರ ಅಡ್ಡಹೆಸರು ‘ಚಿಕನ್ ಟ್ಯಾಕ್ಸ್’.

ಏಟು ಬಿದ್ದದ್ದು ಜಪಾನಿಗೆ. ಡಾಟ್ಸನ್ ಮತ್ತು ಟೊಯೊಟಾದ ಪುಟ್ಟ ಪಿಕಪ್ಪುಗಳು ಆಗಷ್ಟೇ ಅಮೆರಿಕದ ಬಂದರುಗಳಲ್ಲಿ ಇಳಿಯತೊಡಗಿದ್ದವು. ವ್ಯಾಪಾರಿ ಬುದ್ಧಿ ದಾರಿ ಹುಡುಕಿತು. ಹಿಂದಿನ ಪೆಟ್ಟಿಗೆ ಇಲ್ಲದೆ ಬರೀ ಮುಂಭಾಗ ಮತ್ತು ಚೌಕಟ್ಟು ತಂದರೆ ಸುಂಕ 4 ಶೇಕಡ ಮಾತ್ರ. ಬಂದರಿನಲ್ಲಿ ಇಳಿಸಿ ಪೆಟ್ಟಿಗೆ ಜೋಡಿಸಿದರೆ ಆಯಿತು. ಫೋರ್ಡ್ ತನ್ನ ಹೆಸರಿನಲ್ಲಿ ಮಾರಿದ ಮಜ್ದಾ, ಷೆವ್ರೊಲೆ ತನ್ನ ಹೆಸರಿನಲ್ಲಿ ಮಾರಿದ ಇಸುಜು, ಎಲ್ಲವೂ ಹೀಗೆ ಬಂದವು. ಸುಬಾರು ಕಂಪನಿ ಇನ್ನೂ ಜಾಣ. ತನ್ನ ಬ್ರ್ಯಾಟ್ ಪಿಕಪ್ಪಿನ ಹಿಂದಿನ ಪೆಟ್ಟಿಗೆಯಲ್ಲಿ ಹಿಮ್ಮುಖವಾಗಿ ಎರಡು ಪ್ಲಾಸ್ಟಿಕ್ ಸೀಟು ಕೂರಿಸಿ, ಇದು ಟ್ರಕ್ಕಲ್ಲ, ಜನ ಕೂರುವ ಕಾರು ಎಂದಿತು. ಅಂಥದ್ದೊಂದು ರೊನಾಲ್ಡ್ ರೇಗನ್ನರ ತೋಟದಲ್ಲೂ ಇತ್ತು! 1980ರಲ್ಲಿ ಸರ್ಕಾರ ಚೌಕಟ್ಟಿನ ಕಿಂಡಿ ಮುಚ್ಚಿತು. ಡೆಟ್ರಾಯಿಟ್ ತನ್ನದೇ ಸಣ್ಣ ಪಿಕಪ್ಪುಗಳಾದ ಫೋರ್ಡ್ ರೇಂಜರ್, ಷೆವ್ರೊಲೆ ಎಸ್-10ಗಳನ್ನು ತಂದಿತು. ನಿಸಾನ್ 1983ರಲ್ಲಿ ಟೆನೆಸ್ಸಿಯ ಸ್ಮಿರ್ನಾದಲ್ಲಿ ಕಾರ್ಖಾನೆ ತೆರೆದಾಗ ಅಲ್ಲಿಂದ ಹೊರಬಂದ ಮೊದಲ ವಾಹನವೂ ಪಿಕಪ್ಪೇ. ಅಂದು ಜಪಾನಿನಿಂದ ಬಂದ ಪುಟ್ಟವುಗಳಲ್ಲಿ ಒಂದಾದ ಹೈಲಕ್ಸ್‌ನ ಇಂದಿನ ಪೀಳಿಗೆ ನಮ್ಮ ಬಿಡದಿಯಲ್ಲಿ ಜೋಡಣೆಯಾಗುತ್ತದೆ. ಅಮೆರಿಕದಲ್ಲಿ ಮಾತ್ರ ಆ ಹೆಸರು ಎಪ್ಪತ್ತರ ದಶಕದಲ್ಲೇ ಕಳಚಿಬಿತ್ತು.

ಈ ಪುಟ್ಟ ಗಾಡಿಗಳಿಗೆ ನೂರು ಅಶ್ವಶಕ್ತಿಯೂ ಇರಲಿಲ್ಲ. ಹುಲ್ಲಿನ ಹೊರೆ, ಮೋಟಾರ್ ಸೈಕಲ್ಲು ಸಾಗಿಸುತ್ತಿದ್ದವು. ಮನೆ ಎಳೆಯುವ ಮಾತಿರಲಿಲ್ಲ. ಇತ್ತ ದೊಡ್ಡ ಪಿಕಪ್ಪಿನ ಬೆಳವಣಿಗೆಯೂ ಕಾನೂನಿನ ನೆರಳಲ್ಲೇ ಆಯಿತು. 1975ರಲ್ಲಿ ಬಂದ ಹೊಗೆ ನಿಯಮಗಳು ಭಾರ ಸಮೇತ 6,000 ಪೌಂಡಿಗಿಂತ (ಸುಮಾರು 2,720 ಕಿಲೋ) ಕಡಿಮೆಯ ಟ್ರಕ್ಕುಗಳಿಗೆ ಅನ್ವಯಿಸುತ್ತಿದ್ದವು. ಫೋರ್ಡ್ ಏನು ಮಾಡಿತು? ಎಫ್-100ಕ್ಕಿಂತ ತುಸು ಗಟ್ಟಿಯಾದ, ಆ ಗೆರೆಯ ಸ್ವಲ್ಪವೇ ಮೇಲೆ ನಿಲ್ಲುವ ಗಾಡಿ ಮಾಡಿ ಎಫ್-150 ಎಂದಿತು. ಅಮೆರಿಕದ ಮನೆಮಾತಾದ ಈ ಪಿಕಪ್ ಹೊಗೆ ನಿಯಮ ತಪ್ಪಿಸಿಕೊಳ್ಳಲು ಹುಟ್ಟಿದ್ದು ಎಂದರೆ ಅದರ ಅಭಿಮಾನಿಗಳಿಗೆ ಇಷ್ಟವಾಗದು. ಆದರೆ ವಿಷಯ ಅದೇ.

ಸಣ್ಣದಕ್ಕೂ ದೊಡ್ಡದಕ್ಕೂ ನಡುವೆ ಹೀಗೆ ದೊಡ್ಡ ಕಂದರ ಬಿತ್ತು. 1987ರ ಡಾಜ್ ಡಕೋಟಾ ಅದರ ನಡುವೆ ನಿಂತ ಮೊದಲ ಗಾಡಿ. ‘ಮಧ್ಯಮ ಗಾತ್ರ’ ಎಂಬ ಮಾತು ಬಳಕೆಗೆ ಬಂದದ್ದು ಅದರಿಂದ. 1991ರಲ್ಲಿ ಅದಕ್ಕೆ ವಿ8 ಇಂಜಿನ್ನೂ ಬಂತು. ಟೊಯೊಟಾ ಎದುರಿನ ದಂಡೆಯಿಂದ ಬಂದು ಟಿ100 ಎಂಬ ದೊಡ್ಡ ಪಿಕಪ್ ತಂದಾಗ ವಿ8 ಇಲ್ಲದ್ದು ಪಿಕಪ್ಪೇ ಅಲ್ಲವೆಂದು ಕೊಳ್ಳುವವರು ಮೂಗು ಮುರಿದರು. ವಿ8 ಇಟ್ಟ ಟಂಡ್ರಾ 1999ರಲ್ಲಿ ಬಂದ ಮೇಲೇ ಮಾತು ನಿಂತದ್ದು. ಮಾರುವವರ ಭಾಷೆಯಲ್ಲಿ ಎಲ್ಲವೂ ‘ಎಷ್ಟು ಪೌಂಡ್ ಎಳೆಯುತ್ತದೆ’ ಎಂಬ ಒಂದು ಸಂಖ್ಯೆಗೆ ಬಂದು ನಿಂತಿತು.

ಆ ಸಂಖ್ಯೆ ಎಲ್ಲಿಂದ ಬರುತ್ತಿತ್ತು? ಕಂಪನಿಯಿಂದ. ಪ್ರತಿಯೊಬ್ಬರೂ ತಮ್ಮದೇ ಪರೀಕ್ಷೆ ಮಾಡಿ ತಮ್ಮದೇ ಅಂಕಿ ಕೊಡುತ್ತಿದ್ದರು. ಎದುರಾಳಿಗಿಂತ ಇನ್ನೂರು ಪೌಂಡ್ ಹೆಚ್ಚಿಗೆ ಬರೆದರೆ ಕೇಳುವವರಿರಲಿಲ್ಲ. ಎಪ್ಪತ್ತು ಎಂಬತ್ತು ವರ್ಷ ಹೀಗೆ ನಡೆದ ಮೇಲೆ, 2008ರಲ್ಲಿ ವಾಹನ ಇಂಜಿನಿಯರುಗಳ ಸಂಸ್ಥೆ ಎಸ್‌ಎಇ, ಜೆ2807 ಎಂಬ ಮಾನದಂಡ ಪ್ರಕಟಿಸಿತು. ಇಡೀ ಕಥೆಯಲ್ಲಿ ನನಗೆ ಮೆಚ್ಚುಗೆಯ ಘಟ್ಟ ಇದು, ಏಕೆಂದರೆ ಸಂಖ್ಯೆಯ ಹಿಂದೆ ಕೊನೆಗೊಂದು ನಿಜವಾದ ಬೆಟ್ಟ ಬಂತು. ಅರಿಜೋನಾದಲ್ಲಿ ಡೇವಿಸ್ ಅಣೆಕಟ್ಟಿನ ಹತ್ತಿರದಿಂದ ಮರುಭೂಮಿಯ ಗುಡ್ಡವೇರುವ ಸುಮಾರು 18 ಕಿಲೋಮೀಟರ್ ಏರು ಅದು. ಹೊರಗೆ ಕನಿಷ್ಠ 38 ಡಿಗ್ರಿ ಸೆಕೆ, ಒಳಗೆ ಎಸಿ ಪೂರ್ತಿ ಜೋರು, ಹಿಂದೆ ಕಂಪನಿ ಹೇಳಿದಷ್ಟೂ ಭಾರ. ಸಾಮಾನ್ಯ ಪಿಕಪ್ ಗಂಟೆಗೆ 64 ಕಿಲೋಮೀಟರಿಗಿಂತ ಕೆಳಗಿಳಿಯದೆ ಹತ್ತಬೇಕು. ಹತ್ತಿದರೆ ಸಾಲದು, ನಿಲ್ಲಿಸಬೇಕು, ಓಲಾಡದೆ ಹೋಗಬೇಕು, 12 ಶೇಕಡ ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿದರೆ ಜಾರದೆ ನಿಲ್ಲಬೇಕು. ಟೊಯೊಟಾ ಮೊದಲು ಒಪ್ಪಿತು, ಟಂಡ್ರಾದ ಅಂಕಿ ಇಳಿದವು. ಡೆಟ್ರಾಯಿಟಿನ ಮೂವರು ನೀನು ಮೊದಲು, ನಾನು ಆಮೇಲೆ ಎನ್ನುತ್ತ 2015ರ ಹೊತ್ತಿಗೆ ಬಂದರು.

ಆದರೂ ಆ ಸಂಖ್ಯೆಯನ್ನೇ ನಂಬಿ ಗಾಡಿ ಕೊಳ್ಳುವುದು ಅಪಾಯ. ಕಬ್ಬಿನ ಸುಗ್ಗಿಯಲ್ಲಿ ಮಂಡ್ಯದ ರಸ್ತೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾರದ ಟ್ರೇಲರ್ ಎಳೆದು ದಿಬ್ಬ ಹತ್ತುವ ಟ್ರಾಕ್ಟರಿನ ಮುಂಗಾಲಿಗಳು ನೆಲ ಬಿಟ್ಟು ಏಳುತ್ತವೆ. ಇಂಜಿನ್ನಿಗೆ ಶಕ್ತಿ ಇರುತ್ತದೆ, ಸ್ಟೇರಿಂಗಿಗೆ ನೆಲ ಇರುವುದಿಲ್ಲ. ಪಿಕಪ್ಪಿನದ್ದೂ ಇದೇ ಲೆಕ್ಕ. ಟ್ರೇಲರ್ ಹೆದ್ದಾರಿಯಲ್ಲಿ ಹಾವಿನಂತೆ ಹೊರಳಬಾರದು ಎಂದರೆ ಅದರ ತೂಕದ 10ರಿಂದ 15 ಶೇಕಡ ಮೂತಿಯ ಮೇಲೆ, ಅಂದರೆ ಎಳೆಯುವ ಗಾಡಿಯ ಬೆನ್ನ ಮೇಲೆ, ಕೂರಬೇಕು. (ಯುರೋಪಿನಲ್ಲಿ ಇದಕ್ಕಿಂತ ಕಡಿಮೆ ಇಡುತ್ತಾರೆ, ಸಣ್ಣ ಕಾರುಗಳೇ ಎಳೆಯುತ್ತವೆ, ಅಲ್ಲಿ ಟ್ರೇಲರುಗಳೂ ಹಗುರ, ವೇಗದ ಮಿತಿಯೂ ಬಿಗಿ.)

ಲೆಕ್ಕ ಹಾಕಿ ನೋಡಿ. ಮಧ್ಯಮ ಗಾತ್ರದ ಒಂದು ಪಿಕಪ್ 7,500 ಪೌಂಡ್, ಸುಮಾರು 3,400 ಕಿಲೋ, ಎಳೆಯುತ್ತದೆಂದು ಬರೆದಿದೆ. ನಿಮ್ಮ ಟ್ರೇಲರ್ ತುಂಬಿದಾಗ 3,000 ಕಿಲೋ. ಸಾಕಲ್ಲ ಎನಿಸುತ್ತದೆ. ಮೂತಿಯ ಭಾರ 13 ಶೇಕಡ ಹಿಡಿದರೆ 390 ಕಿಲೋ. ಅಂಥ ಗಾಡಿ ತನ್ನ ಮೈಮೇಲೆ ಹೊರುವುದು ಸುಮಾರು 700 ಕಿಲೋ. ಅಪ್ಪ, ಅಮ್ಮ, ಬೆಳೆದ ಇಬ್ಬರು ಮಕ್ಕಳು ಸೇರಿ 280. ಉಳಿದದ್ದು 30 ಕಿಲೋ. ಅದರಲ್ಲಿ ನಾಯಿ, ಸೈಕಲ್ಲು, ಜನರೇಟರು, ಕಟ್ಟಿಗೆ, ಟ್ರೇಲರ್ ಸಿಕ್ಕಿಸುವ ಉಕ್ಕಿನ ಕೊಂಡಿ ಎಲ್ಲ ಬರಬೇಕು. ಜೆ2807ರ ಲೆಕ್ಕದಲ್ಲಿ ಗಾಡಿಯೊಳಗೆ ಇರುವವರು ಇಬ್ಬರೇ, ತಲಾ 68 ಕಿಲೋ. ಹಿಂದಿನ ಸೀಟಿನ ಮಕ್ಕಳು ಆ ಬೆಟ್ಟ ಹತ್ತಿಯೇ ಇಲ್ಲ.

ಟ್ರೇಲರ್ 1,500 ಕಿಲೋ ಆಗಿದ್ದರೆ ಮೂತಿ ಭಾರ ಇನ್ನೂರರ ಒಳಗೆ. ಮಧ್ಯಮ ಗಾತ್ರದ ಗಾಡಿ ನಿರಾಳವಾಗಿ ಹೋಗುತ್ತದೆ, ಪಟ್ಟಣದಲ್ಲಿ ನಿಲ್ಲಿಸಲೂ ಜಾಗ ಸಿಗುತ್ತದೆ. ಸಣ್ಣ ದೋಣಿಗೆ, ಇಬ್ಬರು ಮಲಗುವ ಟ್ರೇಲರಿಗೆ ದೊಡ್ಡದು ಕೊಳ್ಳುವುದು ನನ್ನ ಪ್ರಕಾರ ದುಂದು. 2,300 ಕಿಲೋ ದಾಟಿ, ಜೊತೆಗೆ ಕುಟುಂಬವೂ ಇದ್ದರೆ ಮಾತ್ರ ಯೋಚಿಸುವ ಅಗತ್ಯವಿಲ್ಲ, ಪೂರ್ಣ ಗಾತ್ರದ್ದೇ ಬೇಕು. ಅದರ ಕಾರಣ ಇಂಜಿನ್ ಅಲ್ಲ. ಇಂದಿನ ಮಧ್ಯಮ ಗಾತ್ರದ ಇಂಜಿನ್ನು ತೊಂಬತ್ತರ ದಶಕದ ವಿ8ಗಳನ್ನು ಮೀರಿಸಿದೆ. ಆದರೆ ಪಕ್ಕದಲ್ಲಿ ದೊಡ್ಡ ಲಾರಿ ಹಾದು ಗಾಳಿ ತಳ್ಳಿದಾಗ, ಹಿಂದಿನ ಮೂರು ಟನ್ ಮುಂದಿನ ಎರಡು ಟನ್ನನ್ನು ಎಳೆದಾಡುತ್ತದೆ. ಆಗ ಹಿಡಿದು ನಿಲ್ಲಿಸುವುದು ಮುಂದಿನ ಗಾಡಿಯ ತೂಕ ಮತ್ತು ಮುಂದಿನ ಹಿಂದಿನ ಚಕ್ರಗಳ ನಡುವಿನ ಉದ್ದ.

ಈ ನಡುವಿನ ಗಾತ್ರ ಒಮ್ಮೆ ಹೆಚ್ಚುಕಡಿಮೆ ಅಳಿದೇ ಹೋಗಿತ್ತು. 2011ರ ಮಾಡೆಲ್ ವರ್ಷದಿಂದ ಇಂಧನ ನಿಯಮಗಳು ಗಾಡಿಯ ಚಕ್ರಗಳ ನಡುವಿನ ವಿಸ್ತೀರ್ಣಕ್ಕೆ ತಕ್ಕಂತೆ ಗುರಿ ಇಟ್ಟವು. ಗಾಡಿ ದೊಡ್ಡದಾದಷ್ಟೂ ಗುರಿ ಸಡಿಲ. ಅದೇ ವರ್ಷ ಡಕೋಟಾ ನಿಂತಿತು, ರೇಂಜರ್ ಮಾಡುತ್ತಿದ್ದ ಮಿನ್ನೆಸೋಟದ ಸೇಂಟ್ ಪಾಲ್ ಕಾರ್ಖಾನೆ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. 2014ರಲ್ಲಿ ಷೆವ್ರೊಲೆ ಹೊಸ ಕೊಲರಾಡೋ ತಂದು ಮತ್ತೆ ದಾರಿ ತೆರೆಯಿತು. ರೇಂಜರ್ 2019ರ ಮಾಡೆಲ್ಲಾಗಿ ಮರಳಿತು. ಮರಳಿ ಬಂದ ರೇಂಜರಿನ ಚಕ್ರಗಳ ನಡುವಿನ ಉದ್ದ 126.8 ಇಂಚು. ಎಪ್ಪತ್ತರ ದಶಕದಲ್ಲಿ ಪೂರ್ಣ ಗಾತ್ರ ಎನಿಸಿಕೊಂಡಿದ್ದ, ಗಿಡ್ಡ ಪೆಟ್ಟಿಗೆಯ ಎಫ್-100ರಲ್ಲಿ ಅದು 117 ಇಂಚಿತ್ತು.

ಹೊಸ ಪಿಕಪ್ಪಿನ ಎಳೆಯುವ ಸಂಖ್ಯೆ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿರುತ್ತದೆ. ಹೊರುವ ಸಂಖ್ಯೆ, ಆ ಒಂದು ಗಾಡಿಗೇ ಸೇರಿದ್ದು, ಚಾಲಕನ ಬಾಗಿಲು ತೆರೆದರೆ ಕಂಬಕ್ಕೆ ಅಂಟಿಸಿದ ಹಳದಿ ಬಿಳಿಯ ಚೀಟಿಯಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಅಂಗಡಿಗೆ ಹೋದವರು ಮೊದಲು ಆ ಬಾಗಿಲು ತೆರೆದು ನೋಡಲಿ, ಬಾನೆಟ್ಟು ಆಮೇಲೆ.