ಸಿಹಿಯ ಬದಲು ಸಿಗರೇಟು: ಒಂದು ಭಯದ ಇತಿಹಾಸ

‘ಸಿಗರೇಟು ಬಿಟ್ರೆ ದಪ್ಪ ಆಗ್ಬಿಡ್ತೀನಿ ಕಣೋ, ಅದಕ್ಕೇ ವೇಪ್ ಹಿಡಿದಿದೀನಿ.’ ಬೆಂಗಳೂರಿನ ಟೆಕ್ ಪಾರ್ಕುಗಳ ಪಕ್ಕದ ಟೀ ಅಂಗಡಿಗಳಲ್ಲಿ ಈ ಥರದ ಮಾತು ಆಗಾಗ ಕಿವಿಗೆ ಬೀಳುತ್ತೆ. ಹೇಳೋರು ಎಷ್ಟು ಸಹಜವಾಗಿ ಹೇಳ್ತಾರೆ ಅಂದ್ರೆ, ಈ ಭಯ ಮನುಷ್ಯನ ಜೊತೆಗೇ ಹುಟ್ಟಿತೇನೋ ಅನ್ನಿಸಬೇಕು. ಅದರಲ್ಲಿ ಅರ್ಧ ಭಾಗ ದೇಹದಿಂದ ಬಂದಿದ್ದು ನಿಜ. ಉಳಿದ ಅರ್ಧಕ್ಕೆ ಒಂದು ಊರಿದೆ, ಒಂದು ಇಸವಿ ಇದೆ: ನ್ಯೂಯಾರ್ಕ್, 1928.

ಮೊದಲು ದೇಹದ ಕಥೆ ನೋಡೋಣ. ತಂಬಾಕು ಹಸಿವನ್ನು ಕೊಲ್ಲುತ್ತೆ ಅನ್ನೋದು ಬಹಳ ಹಳೇ ತಿಳಿವಳಿಕೆ. ಸ್ಪೇನಿನ ಸೆವಿಲ್ ಪಟ್ಟಣದ ವೈದ್ಯ ನಿಕೋಲಾಸ್ ಮೊನಾರ್ಡೆಸ್ 1571ರಲ್ಲಿ ಅಮೆರಿಕದ ಮೂಲನಿವಾಸಿಗಳ ಬಗ್ಗೆ ಬರೆಯುತ್ತಾ, ಅವರು ತಂಬಾಕಿನ ಎಲೆಗೆ ಚಿಪ್ಪು ಸುಟ್ಟು ಮಾಡಿದ ಸುಣ್ಣ ಸೇರಿಸಿ ಉಂಡೆ ಕಟ್ಟಿಕೊಂಡು, ಊಟ ಸಿಗದ ದಾರಿಯಲ್ಲಿ ಬಾಯಲ್ಲಿಟ್ಟುಕೊಂಡು ನಡೀತಾರೆ ಅಂತ ದಾಖಲಿಸಿದ. ಓದಿದಾಗ ನನಗೆ ನಮ್ಮೂರ ಗದ್ದೆ ಬದುವಿನ ಮೇಲೆ ಅಂಗೈಲಿ ಹೊಗೆಸೊಪ್ಪಿಗೆ ಸುಣ್ಣ ಹಾಕಿ ತಿಕ್ಕುತ್ತಿದ್ದ ಕೂಲಿಯವರೇ ಕಣ್ಣಮುಂದೆ ಬಂದ್ರು. ಸುಣ್ಣ ಸೇರಿದರೆ ನಿಕೋಟಿನ್ ಬಾಯೊಳಗಿನ ಚರ್ಮದಿಂದ ಬೇಗ ರಕ್ತಕ್ಕೆ ಇಳಿಯುತ್ತೆ. ಕೆಮಿಸ್ಟ್ರಿ ಓದದೇ ಎರಡೂ ಕಡೆಯವರು ಒಂದೇ ತಂತ್ರ ಕಂಡುಕೊಂಡಿದ್ದರು. ಮಧ್ಯಾಹ್ನದ ಮುದ್ದೆ ತಡವಾದರೆ ಹೊಟ್ಟೆಗೆ ಸುಳ್ಳು ಹೇಳೋಕೆ ಒಂದು ಸಾಧನ ಅದು.

ಈ ‘ಹಸಿವು ಮರೆಸುವ’ ಗುಣವನ್ನ ಹೊಟ್ಟೆ ತುಂಬಿದವರಿಗೆ ಮಾರಬಹುದು ಅಂತ ಹೊಳೆದಿದ್ದು ಜಾರ್ಜ್ ವಾಷಿಂಗ್ಟನ್ ಹಿಲ್ ಎಂಬಾತನಿಗೆ. ಲಕ್ಕಿ ಸ್ಟ್ರೈಕ್ ಸಿಗರೇಟು ಮಾಡ್ತಿದ್ದ ಅಮೆರಿಕನ್ ಟೊಬ್ಯಾಕೊ ಕಂಪನಿಯ ಯಜಮಾನ ಅವನು. 1920ರ ದಶಕದಲ್ಲಿ ಅಮೆರಿಕದ ಪಟ್ಟಣಗಳಲ್ಲಿ ತೆಳ್ಳಗಿನ ಮೈಯೇ ಫ್ಯಾಷನ್. ಆದರೆ ಹೆಂಗಸರು ಬೀದಿಯಲ್ಲಿ ಸಿಗರೇಟು ಸೇದಿದರೆ ಜನ ಮುಖ ಸಿಂಡರಿಸ್ತಿದ್ದರು. ಅಂದ್ರೆ ಅರ್ಧದಷ್ಟು ಗಿರಾಕಿಗಳು ಇನ್ನೂ ಅಂಗಡಿಯ ಹೊರಗೇ ನಿಂತಿದ್ದಾರೆ! 1928ರಲ್ಲಿ ಜಾಹೀರಾತು ಬಂತು: ಸಿಹಿಯ ಬದಲು ಒಂದು ಲಕ್ಕಿ ಎತ್ತಿಕೊಳ್ಳಿ.

ಮಿಠಾಯಿ ಕಂಪನಿಗಳು ಸುಮ್ಮನಿರ್ತಾವಾ? ಗಲಾಟೆ ಎಬ್ಬಿಸಿದವು. ಕೊನೆಗೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮಧ್ಯೆ ಬಂದು, ಸಿಗರೇಟಿನಿಂದ ತೂಕ ಇಳಿಯುತ್ತೆ ಅನ್ನೋ ಹಾಗೆ ಜಾಹೀರಾತು ಕೊಡಕೂಡದು ಅಂತು. ಕಂಪನಿ ‘ಸಿಹಿ’ ಪದ ಕೈಬಿಟ್ಟಿತು. ಮುಂದಿನ ಜಾಹೀರಾತುಗಳಲ್ಲಿ ತೆಳ್ಳಗಿನ ಮುಖದ ಹಿಂದೆ ಜೋಲು ಗದ್ದದ ಕಪ್ಪು ನೆರಳೊಂದನ್ನ ಬರೆಸಿ, ‘ಈ ನೆರಳು ನಿಮ್ಮ ಮೇಲೆ ಬೀಳದಿರಲಿ’ ಅನ್ನೋ ಅರ್ಥದ ಮಾತು ಹಾಕಿಸಿತು. ನಮ್ಮ ಸಿಗರೇಟು ಕೊಬ್ಬು ಕರಗಿಸುತ್ತೆ ಅಂತ ನಾವೇನೂ ಹೇಳ್ತಿಲ್ಲ ಅಂತಲೂ ಅಲ್ಲೇ ಅಚ್ಚಾಯಿತು. ಹೇಳದೇ ಹೇಳೋದು ಅಂದ್ರೆ ಇದೇ.

ಈ ಪ್ರಚಾರಕ್ಕೆ ಹಿಲ್ ಇಟ್ಟುಕೊಂಡವನು ಎಡ್ವರ್ಡ್ ಬರ್ನೇಸ್, ಮನಶ್ಶಾಸ್ತ್ರಜ್ಞ ಸಿಗ್ಮಂಡ್ ಫ್ರಾಯ್ಡ್‌ನ ಸೋದರಳಿಯ. ಸಕ್ಕರೆ ಕೆಟ್ಟದ್ದು ಅಂತ ಹೇಳುವ ತಜ್ಞರನ್ನ ಹುಡುಕಿ ಪತ್ರಿಕೆಗಳಿಗೆ ತಲುಪಿಸುವುದು ಅವನ ಕೆಲಸಗಳಲ್ಲೊಂದು. 1929ರ ಮಾರ್ಚ್ 31, ಈಸ್ಟರ್ ಭಾನುವಾರ, ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಯುವತಿಯರು ಸಿಗರೇಟು ಹಚ್ಚಿಕೊಂಡು ನಡೆದರು. ‘ಸ್ವಾತಂತ್ರ್ಯದ ಪಂಜುಗಳು’ ಅಂತ ಹೆಸರು. ಹೆಣ್ಣುಮಕ್ಕಳು ತಾವಾಗೇ ಎದ್ದುನಿಂತರು ಅಂತ ಓದಿದವರು ಅಂದುಕೊಂಡರು. ಏರ್ಪಾಟು ಮಾಡಿದ್ದು ಬರ್ನೇಸ್. ತಮಾಷೆ ಏನು ಗೊತ್ತಾ? ಇದೇ ಬರ್ನೇಸ್ ಮನೆಯಲ್ಲಿ ತನ್ನ ಹೆಂಡತಿ ಸಿಗರೇಟು ಬಿಡಲಿ ಅಂತ ಒದ್ದಾಡ್ತಿದ್ದ.

ಮುಂದೆ 1964ರ ಜನವರಿಯಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಬಂತು. ಸಿಗರೇಟು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ ಅಂತ ಸರ್ಕಾರವೇ ಹೇಳಿತು. ಇಷ್ಟಾದ ಮೇಲೂ, 1968ರಲ್ಲಿ ಫಿಲಿಪ್ ಮಾರಿಸ್ ಕಂಪನಿ ಹೆಂಗಸರಿಗೆಂದೇ ಸಣಕಲು ಸಿಗರೇಟೊಂದನ್ನ ಬಿಟ್ಟಿತು. ಹೆಸರಲ್ಲೇ ಸ್ಲಿಮ್ ಇದೆ: ವರ್ಜೀನಿಯಾ ಸ್ಲಿಮ್ಸ್. 1971ರ ಜನವರಿ 1ರ ರಾತ್ರಿ, ಟಿವಿಯಲ್ಲಿ ಸಿಗರೇಟು ಜಾಹೀರಾತು ನಿಷೇಧ ಆಗೋಕೆ ಕೆಲವೇ ನಿಮಿಷ ಮುಂಚೆ, ಅಮೆರಿಕದಲ್ಲಿ ಪ್ರಸಾರವಾದ ಕೊನೆಯ ಸಿಗರೇಟು ಜಾಹೀರಾತೂ ಅದರದ್ದೇ.

ಹಾಗಾದ್ರೆ ಇದೆಲ್ಲ ಬರೀ ಸುಳ್ಳಾ? ಅಲ್ಲ. ಅದಕ್ಕೇ ಇಷ್ಟು ವರ್ಷ ಬಾಳಿಕೆ ಬಂದಿರೋದು. ದಿನಕ್ಕೆ ಸುಮಾರು ಒಂದು ಪ್ಯಾಕ್ ಸೇದುವವರ ದೇಹ ಹೆಚ್ಚೂಕಡಿಮೆ 200 ಕ್ಯಾಲರಿ ಜಾಸ್ತಿ ಸುಡುತ್ತೆ, ಎರಡು ಚಪಾತಿಯಷ್ಟು. ನಿಕೋಟಿನ್ ಮೆದುಳಿನ ಹೈಪೋಥಲಾಮಸ್‌ನಲ್ಲಿ ‘ಊಟ ಸಾಕು’ ಅನ್ನೋ ನರಕೋಶಗಳನ್ನ ಎಬ್ಬಿಸುತ್ತೆ ಅಂತ 2011ರಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ಗೊತ್ತಾಯಿತು. ಸಿಗರೇಟು ಬಿಟ್ಟಾಗ ಈ ಎರಡೂ ನಿಲ್ಲುತ್ತೆ, ಜೊತೆಗೆ ನಾಲಿಗೆಗೆ ರುಚಿ, ಮೂಗಿಗೆ ವಾಸನೆ ವಾಪಸ್ ಬರುತ್ತೆ. ಸಾರಿನ ಒಗ್ಗರಣೆ ಮತ್ತೆ ಘಮ್ ಅಂತ ಹೊಡೆದರೆ ಎರಡು ಸೌಟು ಜಾಸ್ತಿ ಹೋಗದೇ ಇರುತ್ತಾ?

2012ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟುಮಾಡಿ ನೋಡಿದಾಗ, ಬಿಟ್ಟ ವರ್ಷದಲ್ಲಿ ಸರಾಸರಿ 4ರಿಂದ 5 ಕೆಜಿ ಏರುತ್ತೆ, ಅದರಲ್ಲೂ ಮೊದಲ ಮೂರು ತಿಂಗಳಲ್ಲೇ ಹೆಚ್ಚು ಅಂತ ಕಂಡಿತು. ಸರಾಸರಿ ಅನ್ನೋದು ಎಲ್ಲರ ಕಥೆ ಹೇಳಲ್ಲ. ಸುಮಾರು 16 ಶೇಕಡಾ ಜನರ ತೂಕ ಇಳಿದಿತ್ತು, 13 ಶೇಕಡಾ ಜನರದ್ದು 10 ಕೆಜಿಗಿಂತ ಹೆಚ್ಚು ಏರಿತ್ತು. 2018ರ ಇನ್ನೊಂದು ದೊಡ್ಡ ಅಧ್ಯಯನ ಮುಖ್ಯವಾದ ಲೆಕ್ಕ ಕೊಟ್ಟಿತು. ತೂಕ ಏರಿಸಿಕೊಂಡವರಿಗೆ ಕೆಲವು ವರ್ಷ ಸಕ್ಕರೆ ಕಾಯಿಲೆಯ ಅಪಾಯ ಜಾಸ್ತಿ ಆಗುತ್ತೆ. ಆದರೆ 10 ಕೆಜಿಗಿಂತ ಹೆಚ್ಚು ಏರಿದವರಲ್ಲೂ ಸಾವಿನ ಅಪಾಯ, ಸೇದುತ್ತಲೇ ಇದ್ದವರಿಗೆ ಹೋಲಿಸಿದರೆ ಸರಿಸುಮಾರು ಅರ್ಧ. ಇನ್ನೊಂದು ಮಾತು: ಜೋರಾಗಿ ಸೇದುವವರ ತೂಕ ಕಡಿಮೆ ಇದ್ದರೂ ಕೊಬ್ಬು ಹೊಟ್ಟೆಯ ಸುತ್ತವೇ ಜಾಸ್ತಿ ಸೇರುತ್ತೆ. ತಕ್ಕಡಿ ಅದನ್ನ ತೋರಿಸಲ್ಲ.

ಈಗ ವೇಪ್ ವಿಚಾರ. ಈಗಿನ ಮಾದರಿಯ ಇ-ಸಿಗರೇಟನ್ನ 2003ರ ಹೊತ್ತಿಗೆ ರೂಪಿಸಿದ್ದು ಚೀನಾದ ಔಷಧ ತಜ್ಞ ಹಾನ್ ಲಿಕ್. ಸ್ವತಃ ವಿಪರೀತ ಸೇದುತ್ತಿದ್ದವನು, ಅಪ್ಪನನ್ನ ಶ್ವಾಸಕೋಶದ ಕ್ಯಾನ್ಸರಿನಿಂದ ಕಳಕೊಂಡವನು. ಸಿಗರೇಟಿನಿಂದ ಬಿಡುಗಡೆ ಸಿಗಲಿ ಅಂತ ಹುಟ್ಟಿದ ಸಾಧನ ಅದು. ಎಲೆ ಸುಡದ ಕಾರಣ ಟಾರ್ ಇಲ್ಲ, ನಿಕೋಟಿನ್ ಮಾತ್ರ ಹಾಗೇ ಇದೆ. 2023ರಲ್ಲಿ ಬ್ರಿಟನ್ ಸರ್ಕಾರ ಸಿಗರೇಟು ಬಿಡಲಿ ಅಂತ 10 ಲಕ್ಷ ಜನರಿಗೆ ವೇಪ್ ಕಿಟ್ ಕೊಡುವ ಯೋಜನೆ ಪ್ರಕಟಿಸಿತು. ನಮ್ಮಲ್ಲಿ ಕರ್ನಾಟಕ 2016ರಲ್ಲೇ, ಇಡೀ ದೇಶ 2019ರಲ್ಲಿ ಇದರ ಮಾರಾಟ ನಿಷೇಧಿಸಿದವು. ಸಿಗರೇಟು ಮಾತ್ರ ಗೂಡಂಗಡಿಯಲ್ಲಿ ಬಿಡಿಬಿಡಿಯಾಗಿ ಸಿಗುತ್ತೆ.

1928ರ ಭಯ ಈ ಹೊಸ ಸಾಧನಕ್ಕೂ ವಲಸೆ ಬಂತು. 2018ರಲ್ಲಿ ಅಮೆರಿಕದ ಔಷಧ ಇಲಾಖೆ ಒಂದು ಚೀನೀ ಕಂಪನಿಗೆ ಎಚ್ಚರಿಕೆ ಪತ್ರ ಕಳಿಸಿತು. ತೂಕ ಇಳಿಸುತ್ತೆ ಅಂತ ಆ ಕಂಪನಿ ಮಾರುತ್ತಿದ್ದ ವೇಪ್ ದ್ರವಕ್ಕೆ ರಿಮೋನಬ್ಯಾಂಟ್ ಔಷಧದ ಹೆಸರಿತ್ತು. ಖಿನ್ನತೆಯಂಥ ಅಡ್ಡಪರಿಣಾಮಗಳ ಕಾರಣಕ್ಕೆ ಯುರೋಪಿನ ಮಾರುಕಟ್ಟೆಯಿಂದ ಆಗಲೇ ಹೊರಬಿದ್ದಿದ್ದ ಔಷಧ ಅದು.

ಒಂದೇ ಎಲೆ, ಒಂದೇ ಕೆಮಿಸ್ಟ್ರಿ. ಊಟ ಸಿಗದವನು ಹಸಿವು ತಡೆಯೋಕೆ ಬಳಸಿದ, ಊಟ ಇರೋಳಿಗೆ ಹಸಿವೇ ತಪ್ಪು ಅಂತ ಹೇಳಿ ಕಂಪನಿ ಅದನ್ನ ಮಾರಿತು. ಸಿಗರೇಟು ಬಿಡೋಕೆ ಹೊರಟವರಿಗೆ ‘ತೂಕ ಏನೂ ಏರಲ್ಲ ಬಿಡು’ ಅಂತ ಸುಳ್ಳು ಸಮಾಧಾನ ಹೇಳೋದು ಬೇಡ. ಏರಬಹುದು, ಇಂತಿಷ್ಟು ಏರಬಹುದು, ನಿಕೋಟಿನ್ ಗಮ್ ಅದನ್ನ ಸ್ವಲ್ಪ ಮುಂದಕ್ಕೆ ಹಾಕುತ್ತೆ, ನಡಿಗೆ ಸಹಾಯ ಮಾಡುತ್ತೆ ಅಂತ ಲೆಕ್ಕ ಕೊಡೋಣ. ನಾಲ್ಕೈದು ಕೆಜಿ ಅಂದ್ರೆ ಪ್ಯಾಂಟಿನ ಸೊಂಟ ಒಂದೆರಡು ಇಂಚು ಬಿಡಿಸೋ ಮಾತು. ಅದಕ್ಕೆ ದರ್ಜಿ ಇದ್ದಾನೆ.