ಬಿಟ್ಟದ್ದೇನು, ಬಿಡದೆ ಉಳಿಸಿಕೊಂಡದ್ದೇನು: ಕನ್ನಡ ಕಾವ್ಯ ಮತ್ತು ಸಿನಿಮಾದಲ್ಲಿ ಮನೋಬಲ



ಓದುಗರ ಬಳಗದಲ್ಲಿ ಕವಿತೆ ಮತ್ತು ಸಿನಿಮಾ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಮಾತನಾಡುವವರಿಗೆ ಅನುಕೂಲವಾಗಲೆಂದು ಈ ಲೇಖನ. ವಿಷಯ ಮನೋಬಲ. ಕಷ್ಟ ಬಂದಾಗ ಧೈರ್ಯಗೆಡಬಾರದು ಎಂದು ಎಲ್ಲರೂ ಹೇಳುತ್ತಾರೆ. ಧೈರ್ಯಗೆಡದೆ ಬದುಕುವುದು ಹೇಗಿರುತ್ತದೆ ಎಂದು ಕಣ್ಣಿಗೆ ಕಾಣುವಂತೆ ತೋರಿಸಿದವರು ಕಡಿಮೆ. ಅಂಥ ಒಬ್ಬ ಕವಿಯನ್ನೂ ಮೂರು ಚಲನಚಿತ್ರಗಳನ್ನೂ ಇಲ್ಲಿ ಆಯ್ದುಕೊಂಡಿದೆ. ನಾಲ್ಕಕ್ಕೂ ಒಂದೇ ಪ್ರಶ್ನೆ ಹಾಕಿ ನೋಡೋಣ: ಇವರು ಏನನ್ನು ಬಿಟ್ಟುಕೊಟ್ಟರು, ಏನನ್ನು ಬಿಟ್ಟುಕೊಡಲಿಲ್ಲ?

ಸೊಲ್ಲಾಪುರದ ಬೇಂದ್ರೆ ಮಾಸ್ತರರು

ವರಕವಿ ದ. ರಾ. ಬೇಂದ್ರೆಯವರು (1896–1981) ಹುಟ್ಟಿದ್ದು ಧಾರವಾಡದಲ್ಲಿ. ಮನೆಮಾತು ಮರಾಠಿ. ತಂದೆಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡರು. ತಾಯಿಯ ಹೆಸರನ್ನು ಮಾತ್ರ ಕೊನೆಯತನಕ ಕಾವ್ಯನಾಮದಲ್ಲಿ ಉಳಿಸಿಕೊಂಡರು. ಅಂಬಿಕಾತನಯದತ್ತ ಎಂದರೆ ಅಂಬಿಕೆಯ ಮಗ ದತ್ತ.

1932ರಲ್ಲಿ ‘ನರಬಲಿ’ ಎಂಬ ಕವಿತೆ ರಾಜದ್ರೋಹದ್ದೆಂದು ಬ್ರಿಟಿಷ್ ಸರಕಾರ ಅವರನ್ನು ಹಿಂಡಲಗಾ ಜೈಲಿಗೆ ಕಳಿಸಿತು. ಆಮೇಲೆ ಧಾರವಾಡದ ಹತ್ತಿರದ ಮುಗದ ಊರಿನಲ್ಲಿ ನಿರ್ಬಂಧದಲ್ಲಿ ಇಟ್ಟಿತು. ಶಾಲೆಯ ನೌಕರಿ ಹೋಯಿತು. ಕಾಯಂ ಸಂಬಳವಿಲ್ಲದೆ ಸಂಸಾರ ತೂಗಿಸಿದ ವರ್ಷಗಳು ಅವು. ಮನೆಯೊಳಗಿನ ದುಃಖ ಇದಕ್ಕಿಂತ ದೊಡ್ಡದು. ಹುಟ್ಟಿದ ಮಕ್ಕಳಲ್ಲಿ ಹಲವರನ್ನು ಒಬ್ಬರ ಹಿಂದೊಬ್ಬರಂತೆ ಕಳೆದುಕೊಂಡರು.

ಮಗು ಕೈತಪ್ಪುತ್ತಿರುವಾಗ ಹೆಂಡತಿಯ ನೋಟವನ್ನು ಎದುರಿಸಲಾಗದ ಗಂಡನೊಬ್ಬ ಆಡುವ ಮಾತುಗಳ ಕವಿತೆ ನಮ್ಮಲ್ಲಿ ಬಹಳ ಮಂದಿಗೆ ಬಾಯಿಪಾಠವಿದೆ. ಅದರಲ್ಲಿ ಉಪದೇಶವಿಲ್ಲ, ವಿಧಿಯ ಬಗ್ಗೆ ಭಾಷಣವಿಲ್ಲ. ಧಾರವಾಡದ ಮನೆಮಾತಿನಲ್ಲಿ ಒಬ್ಬ ಗಂಡಸು ತನ್ನ ಅಸಹಾಯಕತೆಯನ್ನು ಒಪ್ಪಿಕೊಳ್ಳುತ್ತಾನೆ, ಅಷ್ಟೆ. 1937ರ ‘ಸಖೀಗೀತ’ದಲ್ಲಿಯೂ ದಾಂಪತ್ಯದ ಸುಖದುಃಖಗಳನ್ನು ಹೆಂಡತಿಯ ಮುಂದೆ ಬಿಚ್ಚಿಡುತ್ತಾರೆ. ಅಳುವನ್ನು ಮುಚ್ಚಿಟ್ಟವನು ಗಟ್ಟಿಗ ಎಂಬ ತಿಳಿವಳಿಕೆ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಬೇಂದ್ರೆಯವರನ್ನು ಓದಿದವರು ಅದನ್ನು ಸುಲಭವಾಗಿ ನಂಬಲಾರರು.

ಗಡಿಭಾಗದವರಾದ ನಮಗೆ ಹತ್ತಿರದ ಮಾತು ಮುಂದಿನದು. 1944ರಿಂದ 1956ರವರೆಗೆ, ಹನ್ನೆರಡು ವರ್ಷ, ಬೇಂದ್ರೆಯವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಬರುವಾಗ ವಯಸ್ಸು ಐವತ್ತರ ಸಮೀಪ. ಅದರ ಹಿಂದಿನ ವರ್ಷವೇ ಶಿವಮೊಗ್ಗದಲ್ಲಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು. ಮನೆಯಲ್ಲಿ ಮರಾಠಿ, ತರಗತಿಯಲ್ಲಿ ಕನ್ನಡ, ಪೇಟೆಯಲ್ಲಿ ಎರಡರ ಜತೆಗೆ ತೆಲುಗು ಮತ್ತು ಉರ್ದು. ‘ಗಂಗಾವತರಣ’ (1951) ಸಂಕಲನ ಹೊರಬಂದದ್ದು ಈ ಅವಧಿಯಲ್ಲೇ. ಮುಂದೆ ‘ಅರಳು ಮರಳು’ ಸಂಕಲನಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ‘ನಾಕುತಂತಿ’ಗೆ 1973ರ ಜ್ಞಾನಪೀಠ ಬಂದವು. ನೌಕರಿ ಹೋಯಿತು, ಊರು ಬಿಡಬೇಕಾಯಿತು, ಮಕ್ಕಳು ಉಳಿಯಲಿಲ್ಲ. ಹಾಡು ಕಟ್ಟುವುದನ್ನು ಮಾತ್ರ ಅವರು ನಿಲ್ಲಿಸಲಿಲ್ಲ. ಕನ್ನಡಕ್ಕಾಗಿ ಮರಾಠಿಯನ್ನೂ ದೂರ ಮಾಡಲಿಲ್ಲ, ಆ ಭಾಷೆಯಲ್ಲಿಯೂ ಬರೆದರು. ಗಿರೀಶ ಕಾರ್ನಾಡರು ಬೇಂದ್ರೆಯವರ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡಿದ್ದಾರೆ. ಅವಕಾಶ ಸಿಕ್ಕವರು ತಪ್ಪದೆ ನೋಡಬೇಕು.

ಬೆಳ್ಳಿಮೋಡ (1967)

ಬೇಂದ್ರೆಯವರ ‘ಬೆಳಗು’ ಕವಿತೆ ಪುಸ್ತಕ ಓದದ ಮನೆಗಳಿಗೂ ತಲುಪಿದ್ದು ಈ ಚಿತ್ರದಿಂದ. ಪುಟ್ಟಣ್ಣ ಕಣಗಾಲರು ಕನ್ನಡದಲ್ಲಿ ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಚಿತ್ರವಿದು. ಸಂಗೀತ ವಿಜಯಭಾಸ್ಕರ್, ಆ ಹಾಡಿಗೆ ದನಿ ಎಸ್. ಜಾನಕಿ. ಕಥೆ ತ್ರಿವೇಣಿಯವರ ಇದೇ ಹೆಸರಿನ ಕಾದಂಬರಿಯದು. ತ್ರಿವೇಣಿ 1963ರಲ್ಲೇ ತೀರಿಕೊಂಡಿದ್ದರಿಂದ ಚಿತ್ರವನ್ನು ನೋಡುವ ಯೋಗ ಅವರಿಗಿರಲಿಲ್ಲ.

ಇಂದಿರಾ (ಕಲ್ಪನಾ) ಶ್ರೀಮಂತ ಮನೆಯ ಒಬ್ಬಳೇ ಮಗಳು. ಅವಳನ್ನು ಮದುವೆಯಾಗಬೇಕಾದ ಮೋಹನ (ಕಲ್ಯಾಣ್ ಕುಮಾರ್) ಅವಳ ತಂದೆಯ ಹಣದಲ್ಲೇ ಹೆಚ್ಚಿನ ಓದಿಗೆ ವಿದೇಶಕ್ಕೆ ಹೋಗುತ್ತಾನೆ. ಈ ನಡುವೆ ಇಂದಿರೆಗೆ ತಮ್ಮ ಹುಟ್ಟುತ್ತಾನೆ, ತಾಯಿ ತೀರಿಕೊಳ್ಳುತ್ತಾಳೆ. ಆಸ್ತಿ ಇನ್ನು ತನಗೆ ಬರುವುದಿಲ್ಲವೆಂದು ಗೊತ್ತಾದ ಮೇಲೆ ಮೋಹನ ಮದುವೆ ಬೇಡವೆನ್ನುತ್ತಾನೆ. ಮುಂದೆ ಅವನೇ ಪೆಟ್ಟಾಗಿ ಮಲಗಿದಾಗ ಇಂದಿರೆ ಆರೈಕೆ ಮಾಡುತ್ತಾಳೆ. ಅವನ ಮನಸ್ಸು ಬದಲಾಗುತ್ತದೆ. ಅವಳ ಉತ್ತರ ಬದಲಾಗುವುದಿಲ್ಲ.

ಕೆಟ್ಟವನು ತಿದ್ದಿಕೊಂಡರೆ ಹೆಣ್ಣು ಕ್ಷಮಿಸಿ ಒಪ್ಪಿಕೊಳ್ಳಬೇಕೆಂದು ನಿರೀಕ್ಷಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಇಂದಿರೆ ಸೇಡು ತೀರಿಸಿಕೊಳ್ಳುವುದಿಲ್ಲ. ನೋವಿನಲ್ಲಿರುವವನ ಸೇವೆಯನ್ನು ಮನಃಪೂರ್ವಕವಾಗಿಯೇ ಮಾಡುತ್ತಾಳೆ. ಮದುವೆಯ ಆಸೆ ಬಿಟ್ಟಳು, ಕರುಣೆ ಬಿಡಲಿಲ್ಲ, ತನ್ನ ಮಾನವನ್ನೂ ಬಿಡಲಿಲ್ಲ. ನಮ್ಮ ಹೆಣ್ಣುಮಕ್ಕಳ ಜತೆ ಕುಳಿತು ಚರ್ಚಿಸಲು ಇಷ್ಟು ಒಳ್ಳೆಯ ಚಿತ್ರ ಅಪರೂಪ.

ಬೆಟ್ಟದ ಹೂವು (1985)

ಇದರಲ್ಲಿ ಕಾವ್ಯ ಹಾಡಾಗಿ ಅಲ್ಲ, ಪುಸ್ತಕವಾಗಿಯೇ ಕಥೆಯ ನಡುವೆ ಬರುತ್ತದೆ. ನಿರ್ದೇಶಕರು ಎನ್. ಲಕ್ಷ್ಮೀನಾರಾಯಣ್. ಬಡ ಹುಡುಗ ರಾಮುವಿಗೆ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂಬ ಆಸೆ. ಜ್ಞಾನಪೀಠ ಪಡೆದ ಕನ್ನಡದ ಮೊದಲ ಕೃತಿ ಅದು. ಬೆಟ್ಟ ಹತ್ತಿ ಅಪರೂಪದ ಹೂಗಳನ್ನು ತಂದು ಮಾರಿ ಹುಡುಗ ಕಾಸು ಕೂಡಿಡುತ್ತಾನೆ. ಕೊನೆಗೆ ಚಳಿಯಲ್ಲಿ ನಡುಗುವ ಮನೆಯವರನ್ನು ಕಂಡು ಆ ಹಣದಲ್ಲಿ ಕಂಬಳಿ ತರುತ್ತಾನೆ. ಈ ಪಾತ್ರಕ್ಕಾಗಿ ಪುನೀತ್ ರಾಜ್‌ಕುಮಾರ್ ಅವರಿಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂತು.

ಹುಡುಗ ಪುಸ್ತಕ ಬಿಟ್ಟುಕೊಟ್ಟ. ಆದರೆ ರಾಮಾಯಣದಲ್ಲಿ ಕಲಿಯಬೇಕಾದದ್ದನ್ನು ಕೊಳ್ಳುವ ಮೊದಲೇ ನಡೆದು ತೋರಿಸಿದ. ಮಕ್ಕಳಿಗೆ ಚಿತ್ರ ತೋರಿಸಿದ ಮೇಲೆ, ನೀವಾಗಿದ್ದರೆ ಏನು ಕೊಳ್ಳುತ್ತಿದ್ದಿರಿ ಎಂದು ಕೇಳಿ. ಪುಸ್ತಕವನ್ನೇ ಎಂದ ಮಗುವನ್ನು ಗದರಿಸಬೇಡಿ. ಆ ಆಸೆ ಎಷ್ಟು ದೊಡ್ಡದೆಂದು ತಿಳಿದವನಿಗೇ ರಾಮು ಮಾಡಿದ ಕೆಲಸದ ಬೆಲೆ ತಿಳಿಯುವುದು.

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ (2018)

ರಿಷಬ್ ಶೆಟ್ಟಿಯವರ ಈ ಚಿತ್ರದ ಕಥೆ ಕೇರಳದ ಗಡಿಯದಾದರೂ ನಮ್ಮ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ತಂದೆತಾಯಿಗಳಿಗೆ ಹೊಸದೆನಿಸದು. ಕನ್ನಡ ಶಾಲೆಗೆ ಕನ್ನಡ ಬಾರದ ಮಾಸ್ತರರು ಬರುತ್ತಾರೆ, ಶಾಲೆ ಮುಚ್ಚುವ ಹಂತಕ್ಕೆ ಬರುತ್ತದೆ, ಮಕ್ಕಳೇ ದಾರಿ ಹುಡುಕುತ್ತಾರೆ. ಅವರ ಪರವಾಗಿ ನ್ಯಾಯಾಲಯದಲ್ಲಿ ನಿಲ್ಲುವ ಹಿರಿಯನಾಗಿ ಅನಂತನಾಗ್ ನಟಿಸಿದ್ದಾರೆ. ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದಿದೆ.

ಚಿತ್ರದ ತುಂಬ ನಗು ಇದೆ. ಈ ಮಕ್ಕಳಿಗೆ ತಾವು ಧೈರ್ಯವಂತರೆಂಬ ಅರಿವೇ ಇಲ್ಲ. ತಮಗೆ ತಿಳಿಯುವ ಭಾಷೆಯಲ್ಲಿ ಪಾಠ ಬೇಕು, ಅಷ್ಟೇ. ಅವರು ಬಿಟ್ಟುಕೊಡದೆ ಹಿಡಿದದ್ದು ಆ ಒಂದು ಬೇಡಿಕೆಯನ್ನು.

ನಮಗೆ ಉಳಿಯುವ ಲೆಕ್ಕ

ಗಡಿಯಲ್ಲಿ ಬದುಕುವವರು ದಿನವೂ ಏನನ್ನಾದರೂ ಬಿಟ್ಟುಕೊಡುತ್ತಲೇ ಇರುತ್ತಾರೆ. ಕಚೇರಿಯ ಅರ್ಜಿ ಮರಾಠಿಯಲ್ಲಿ ಬರೆಯುತ್ತೇವೆ, ಅಂಗಡಿಯ ಫಲಕ ಮರಾಠಿಯಲ್ಲಿ ಹಾಕುತ್ತೇವೆ. ಅದರಲ್ಲಿ ತಪ್ಪಿಲ್ಲ, ನಾಚಿಕೆಯೂ ಬೇಡ. ನೆರೆಯವರ ಭಾಷೆ ಕಲಿತದ್ದು ಗಳಿಕೆಯೇ. ಆದರೆ ಬಿಡಬಾರದ್ದು ಯಾವುದೆಂದು ಪ್ರತಿ ಮನೆಯೂ ಒಮ್ಮೆ ಕುಳಿತು ತೀರ್ಮಾನಿಸಬೇಕು. ಮಗುವಿಗೆ ಕನ್ನಡ ಅಕ್ಷರ ಕಲಿಸುವುದೇ? ಅಜ್ಜಿಯ ಹಾಡುಗಳನ್ನು ಬರೆದಿಡುವುದೇ? ಊರಿನ ಕನ್ನಡ ಶಾಲೆಗೆ ಒಂದು ಹೆಸರು ಹಚ್ಚುವುದೇ? ಒಂದನ್ನಾದರೂ ಗಟ್ಟಿಯಾಗಿ ಹಿಡಿದರೆ ಉಳಿದದ್ದಕ್ಕೆ ದಾರಿ ಆಗುತ್ತದೆ.

ಮೂರೂ ಚಿತ್ರಗಳನ್ನು ಒಂದೇ ದಿನ ನೋಡುವ ಅವಸರ ಬೇಡ. ತಿಂಗಳಿಗೊಂದು ಚಿತ್ರ, ಅದಕ್ಕೆ ಮುಂಚೆ ಬೇಂದ್ರೆಯವರ ಒಂದು ಕವಿತೆಯ ಗಟ್ಟಿ ಓದು, ಆಮೇಲೆ ಅರ್ಧ ಗಂಟೆ ಮಾತು. ಕವಿತೆಯನ್ನು ಮನೆಯ ಹಿರಿಯರೊಬ್ಬರಿಂದ ಓದಿಸಿ. ಬೇಂದ್ರೆಯವರ ಕನ್ನಡ ನಮ್ಮ ಕಡೆಯ ಹಿರಿಯರ ಬಾಯಲ್ಲಿ ಇನ್ನೂ ಇದೆ. ಮಕ್ಕಳ ಕಿವಿಗೆ ಅದು ಅಲ್ಲಿಂದಲೇ ಬೀಳಲಿ.

– ಕಾರ್ಯದರ್ಶಿ