ಸಿಲ್ವರ್‌ಸ್ಟೋನ್ ಗೇಟಿನ ಎದುರಿನ ಬೋರ್ಡು

ದೇವದುರ್ಗದ ಕಡೆ ನಾನು ನೋಡಿದ ಮೊದಲ ರೇಸು ಅಂದ್ರೆ ಕಾರಹುಣ್ಣಿವಿ ಎತ್ತುಗಳದ್ದು. ಬಿಳಿ ಎತ್ತು ಮುಂದೆ ಬಂದ್ರೆ ಬಿಳಿಜೋಳ ಚಲೋ ಬರ್ತದ ಅನ್ನೋದು ಹಿರಿಯರ ಲೆಕ್ಕ. ಎಂಜಿನಿಯರಿಂಗ್ ಓದುವಾಗ ಹತ್ತಿದ ಫಾರ್ಮುಲಾ ಒನ್ ಹುಚ್ಚು ಕಡೆಗೆ ನನ್ನನ್ನು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ಗೆ ಎಳೆದೊಯ್ಯಿತು.

ಅದು ಎರಡನೇ ಮಹಾಯುದ್ಧದ ವಿಮಾನ ನೆಲೆ. ಯುದ್ಧ ಮುಗಿದು ಖಾಲಿ ಬಿದ್ದ ರನ್‌ವೇ ಮೇಲೆ 1948ರಲ್ಲಿ ರೇಸ್ ನಡೆಯಿತು. 1950ರ ಮೇ 13ರಂದು ವಿಶ್ವ ಚಾಂಪಿಯನ್‌ಶಿಪ್‌ನ ಮೊಟ್ಟಮೊದಲ ರೇಸೂ ಅಲ್ಲೇ. ಆರನೇ ಜಾರ್ಜ್ ದೊರೆ ಖುದ್ದು ಬಂದಿದ್ದರು. ಆಲ್ಫಾ ರೋಮಿಯೋ ಓಡಿಸಿದ ಫರೀನಾ ಗೆದ್ದರು. ಯುದ್ಧಕಾಲದ ಹ್ಯಾಂಗರ್ ಈಗ ಮ್ಯೂಸಿಯಂ.

ಇಂಥದ್ದೇ ಕಥೆ ನಮ್ಮಲ್ಲೂ ಇತ್ತು ವೀಕ್ಷಕರೇ! ಮದ್ರಾಸ್ ಹತ್ತಿರದ ಶೋಲಾವರಂ ಕೂಡ ಯುದ್ಧಕಾಲದ ರನ್‌ವೇ. 1950ರ ದಶಕದಿಂದ ಅಲ್ಲಿ ರೇಸ್. ಬೆಂಗಳೂರಿನ ವಿಜಯ್ ಮಲ್ಯ ಎನ್‌ಸೈನ್ ಫಾರ್ಮುಲಾ ಒನ್ ಕಾರು ಓಡಿಸಿದ್ದೂ ಅಲ್ಲೇ. 1990ರಲ್ಲಿ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಬಂತು, ಶೋಲಾವರಂ ನಮಗೆ ಮರೆತೇಹೋಯ್ತು.

ಅದೇ ಮಲ್ಯರ ಫೋರ್ಸ್ ಇಂಡಿಯಾ ತಂಡದ ಫ್ಯಾಕ್ಟರಿ ಇದ್ದದ್ದು ಸಿಲ್ವರ್‌ಸ್ಟೋನ್ ಗೇಟಿನ ಎದುರಿಗೆ. 2009ರ ಬೆಲ್ಜಿಯಂ ರೇಸಿನಲ್ಲಿ ಫಿಸಿಕೆಲ್ಲಾ ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಎರಡನೇ ಸ್ಥಾನ ಪಡೆದಾಗ ನಾನು ಟಿವಿ ಮುಂದೆ ಕುಣಿದಿದ್ದೆ. 2018ರಲ್ಲಿ ತಂಡ ದಿವಾಳಿಯ ಅಂಚಿಗೆ ಬಂತು. ಹೊಸ ಮಾಲೀಕರು ಬಂದರು, 400ಕ್ಕೂ ಹೆಚ್ಚು ಜನರ ಕೆಲಸ ಉಳಿಯಿತು. 2012ರಲ್ಲೇ ಹಾರಾಟ ನಿಲ್ಲಿಸಿದ ಕಿಂಗ್‌ಫಿಷರ್ ಏರ್‌ಲೈನ್ಸ್‌ನ, ತಿಂಗಳುಗಟ್ಟಲೆ ಸಂಬಳ ಕಾಣದ ನೌಕರರಿಗೆ ಆ ಅದೃಷ್ಟ ಇರಲಿಲ್ಲ. ಅಭಿಮಾನಿಯಾಗಿ ನಾನು ಕುಣಿದದ್ದು ನೆನಪಾಗಿ ಸ್ವಲ್ಪ ಕಸಿವಿಸಿಯೂ ಆಯ್ತು.

ಈಗ ಅಲ್ಲಿ ಆಸ್ಟನ್ ಮಾರ್ಟಿನ್ ಬೋರ್ಡು. ಇಂಡಿಯಾ ಅನ್ನೋ ಅಕ್ಷರ ಎಲ್ಲಾದ್ರೂ ಉಳಿದಿದೆಯಾ ಅಂತ ಹುಡುಕಿದೆ. ಕಾಣಲಿಲ್ಲ.